ಹೊರಗೆ ಒಬ್ಬರು ನಿಂತಿದ್ದಾರೆ

“ಇದು ಒಳಗೆ ಹೋಗೋ ಹಾಗಿಲ್ಲ,” ಎನ್ನುತ್ತ ಚಿತಾಗಾರದ ನೌಕರ ಹೊದಿಕೆ ಸರಿಸಿ, ಸತ್ತವರ ಎದೆಯ ಮೇಲಿಂದ ಲ್ಯಾಪ್‌ಟಾಪನ್ನು ಎತ್ತಿದ. ನಿದ್ದೆಹೋದ ಮಗುವಿನ ಎದೆಯ ಮೇಲಿಂದ ಪುಸ್ತಕ ತೆಗೆಯುವವರ ಹಾಗೆ, ಎರಡೂ ಕೈಯಿಂದ, ಸದ್ದಾಗದಂತೆ ಎತ್ತಿದ. “ಬ್ಯಾಟರಿ ಇರೋದು ಯಾವುದೂ ಹೋಗಲ್ಲ. ಸಿಡಿಯುತ್ತೆ. ಹೋದ ವರ್ಷ ಯಾರೋ ಜೇಬಲ್ಲಿ ಫೋನ್ ಬಿಟ್ಟು ಕಳಿಸಿದ್ರು, ಒಲೆ ಒಳಗೆ ಎರಡು ಇಟ್ಟಿಗೆ ಒಡೆದುಹೋಯ್ತು.”

ಅದನ್ನು ಅಲ್ಲಿಟ್ಟವಳು ಮಗಳು. ಬೆಳಿಗ್ಗೆ ಆಸ್ಪತ್ರೆಯ ಶವಾಗಾರದಲ್ಲಿ ಯಾರೂ ನೋಡದ ಹೊತ್ತಿನಲ್ಲಿ ಇಟ್ಟಿದ್ದಳು. ಈಗ ಎಲ್ಲರೆದುರು ಕೈ ಚಾಚಿ ಮರಳಿ ಪಡೆಯಬೇಕಾಯಿತು. ಲೋಹದ ಮುಚ್ಚಳ ಆ ದೇಹದ ಥಂಡಿಯನ್ನೆಲ್ಲ ಹೀರಿಟ್ಟುಕೊಂಡಿತ್ತು. ಅದು ಅವಳ ಅಂಗೈಗೆ ಇಳಿಯಿತು.

“ಕನ್ನಡಕ?” ಎಂದು ಕೇಳಿದಳು.

“ಅದು ಪರವಾಗಿಲ್ಲ. ಇರಲಿ.”

ಆ ಕನ್ನಡಕವನ್ನೂ ಅವಳೇ ಮಾಡಿಸಿದ್ದು. ಕನ್ನಡಕದ ಅಂಗಡಿಯೊಂದರಲ್ಲಿ ಬಂದವರ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ತಂದೆಯ ಕಣ್ಣಿನ ಲೆಕ್ಕ ಅವಳಿಗೆ ಬಾಯಿಪಾಠ; ಉಳಿದ ಮನುಷ್ಯನ ಬಗ್ಗೆ ಅಷ್ಟು ಖಚಿತವಾಗಿ ಏನನ್ನೂ ಹೇಳಲಾರಳು.

“ಬದುಕಿದ್ದಾಗ ಅದನ್ನೇ ಎದೆ ಮೇಲೆ ಹೊತ್ಕೊಂಡಿದ್ದ. ಈಗಲಾದ್ರೂ ಇಳಿಸಿದ್ರಲ್ಲ, ಪುಣ್ಯಾತ್ಮರು,” ಎಂದಳು ಅತ್ತೆ. ಸತ್ತವರಿಗೆ ಒಬ್ಬಳೇ ತಂಗಿ. ಅತ್ತು ಅತ್ತು ಅವಳ ಧ್ವನಿ ಒಡೆದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಉಕ್ಕಿನ ಬಾಗಿಲು ಮುಚ್ಚಿತು. ಅದರ ಮೇಲಿನ ಸಣ್ಣ ದೀಪ ಕೆಂಪಾಯಿತು. ಎರಡು ಒಲೆಗಳಲ್ಲಿ ಒಂದು ಕೆಟ್ಟಿದ್ದರಿಂದ ಹನ್ನೊಂದಕ್ಕೆ ಆಗಬೇಕಾದದ್ದು ಎರಡು ಗಂಟೆಗೆ ಆಗಿತ್ತು. ಬೂದಿ ಕೈಗೆ ಸಿಗಲು ನಾಲ್ಕಾಗುತ್ತದೆ, ಕಾಯುವ ಕೋಣೆಯಲ್ಲಿ ಕೂತಿರಿ ಎಂದ ನೌಕರ. ಕಾರ್ಖಾನೆಯಿಂದ ಬಂದಿದ್ದ ಇಬ್ಬರು ಹಳೆಯ ಸಹೋದ್ಯೋಗಿಗಳು ಪಾಳಿಗೆ ಹೊತ್ತಾಯಿತೆಂದು ಮಗಳ ಮುಂದೆ ತಲೆ ತಗ್ಗಿಸಿ ಹೊರಟರು. ಕೆಳಗಿನ ಮನೆಯವರು ಆಗಲೇ ಹೋಗಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಉದ್ದನೆಯ ಸಾಲಿನಲ್ಲಿ ಅತ್ತೆ, ಸೋದರಸೊಸೆ, ಅವರ ನಡುವಿನ ಕುರ್ಚಿಯಲ್ಲಿ ಲ್ಯಾಪ್‌ಟಾಪು. ಮೂವರು ಕೂತಂತೆ ಕಾಣುತ್ತಿತ್ತು.

ಆಗ ಅವರು ಬಂದರು. ಒಬ್ಬೊಬ್ಬರಾಗಿ, ಒಬ್ಬರನ್ನೊಬ್ಬರು ಗುರುತಿಸದೆ.

ಮೊದಲು ಬಸ್ ಚಾಲಕನ ಸಮವಸ್ತ್ರದಲ್ಲಿದ್ದ ದಪ್ಪನೆಯ ಮನುಷ್ಯ. ಹಿಂದೆಯೇ ಬಟ್ಟೆಯ ಚೀಲ ತಗುಲಿಸಿಕೊಂಡ ನಡುವಯಸ್ಸಿನ ಹೆಂಗಸು. ಸೆರಗಿನ ಅಂಚಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಕೊನೆಗೆ ಇಸ್ತ್ರಿ ಮಾಡಿದ ಅಂಗಿಯ, ವಿಮಾ ಕಚೇರಿಯ ಗುರುತುಪಟ್ಟಿಯನ್ನು ಕೊರಳಿನಿಂದ ತೆಗೆಯಲು ಮರೆತಿದ್ದ ತೆಳ್ಳನೆಯ ಗಂಡಸು. ಮೂವರೂ ಕೋಣೆಯ ಮೂರು ಕಡೆ ನಿಂತು, ಫೋನು ನೋಡಿ, ಮುಖ ನೋಡಿ, ಮತ್ತೆ ಫೋನು ನೋಡಿದರು.

“ನೀವು... ಕಮ್ಮಾರರಾ?” ಎಂದಳು ಹೆಂಗಸು.

ಚಾಲಕನ ಮುಖ ಅರಳಿತು. “ಹೌದು. ನೀವು ಮದ್ದಿನವ್ರು ತಾನೇ? ಅಯ್ಯೋ, ನಿಮ್ಮನ್ನ ಮುದುಕಿ ಅಂದ್ಕೊಂಡಿದ್ದೆ. ಹನ್ನೊಂದು ವರ್ಷದಿಂದ ಅಜ್ಜಿ ಅಂತ ಕರೀತಿದೀನಲ್ರೀ.”

“ಪಾತ್ರ ಮುದುಕೀದು. ನಾನು ಶಾಲೇಲಿ ಗಣಿತ ಹೇಳ್ಕೊಡ್ತೀನಿ.” ಅವಳು ಮೂರನೆಯವನ ಕಡೆ ತಿರುಗಿದಳು. “ಹಾಗಾದ್ರೆ ಇವರು ದಳಪತಿ.”

ಮೂರನೆಯವನು ಗುರುತುಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಅತ್ತೆ ಸೊಸೆಯ ಕಿವಿಯ ಬಳಿ ಬಗ್ಗಿದಳು. “ಕಮ್ಮಾರ, ದಳಪತಿ. ನಾಟಕದ ಕಂಪನಿಯವ್ರಾ ಇವ್ರು?”

“ಅಪ್ಪನ ಆಟದವರು, ಅತ್ತೆ. ನಿನ್ನೆ ನಾನೇ ನನ್ನ ಫೋನಲ್ಲಿ ಹುಡುಕಿ ಅವರ ಗುಂಪಿಗೆ ಒಂದು ಸಾಲು ಬರೆದು ಹಾಕಿದ್ದೆ.”

“ಓ,” ಎಂದಳು ಅತ್ತೆ. ಆ ಒಂದಕ್ಷರದಲ್ಲಿ ಇಪ್ಪತ್ತು ವರ್ಷದ ಸಿಟ್ಟು ಹಿಡಿಸುವಷ್ಟು ಜಾಗವಿತ್ತು.

*

ಕಾರ್ಖಾನೆಯ ಹೆಬ್ಬಾಗಿಲಿನ ಪಕ್ಕದಲ್ಲಿ, ನೆಲದ ಸಮಕ್ಕೆ ಹಾಸಿದ ಅಗಲವಾದ ಉಕ್ಕಿನ ಹಲಗೆ. ಲಾರಿ ಅದರ ಮೇಲೇರಿ ನಿಲ್ಲುತ್ತದೆ. ಪಕ್ಕದ ಕ್ಯಾಬಿನ್ನಿನಲ್ಲಿ ಕೂತವರಿಗೆ ಅದರ ತೂಕ ಕಾಣುತ್ತದೆ. ಆ ಕ್ಯಾಬಿನ್ನಿನಲ್ಲಿ ತಂದೆ ಮೂವತ್ತೊಂದು ವರ್ಷ ಕೂತಿದ್ದರು. ಕುರ್ಚಿ, ಮೇಜು, ಒಂದು ಕಿಟಕಿ. ಕಿಟಕಿಯಲ್ಲಿ ಲಾರಿಗಳ ಚಕ್ರದ ಮಟ್ಟಕ್ಕೆ ಮಾತ್ರ ಲೋಕ ತೆರೆದುಕೊಳ್ಳುತ್ತಿತ್ತು.

ತುಂಬಿದ ಲಾರಿಯನ್ನು ತೂಗುತ್ತಿದ್ದರು. ಅದು ಒಳಗೆ ಹೋಗಿ ಸರಕು ಇಳಿಸಿ ಬರಿದಾಗಿ ಬಂದಮೇಲೆ ಮತ್ತೆ ತೂಗುತ್ತಿದ್ದರು. ಒಂದರಿಂದ ಇನ್ನೊಂದನ್ನು ಕಳೆದ ಮೇಲೆಯೇ ಬಾಯಿ ಬಿಡುತ್ತಿದ್ದುದು. “ಎಷ್ಟು ಬಂತು ಸಾರ್?” ಎಂದು ಚಾಲಕರು ಕಿಟಕಿಗೆ ಮುಖ ಹಚ್ಚಿ ಕೇಳಿದರೆ, “ಆಮೇಲೆ” ಎನ್ನುತ್ತಿದ್ದರು. ಲಾರಿಯವರು ಅವರನ್ನು ‘ಆಮೇಲೆ ಸಾಹೇಬರು’ ಎಂದೇ ಕರೆದರು. ಅದರಲ್ಲಿ ಗೇಲಿ ಇತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಚೀಟಿಯೂ ತಪ್ಪಲಿಲ್ಲವೆಂಬ ಗೌರವವೂ ಇತ್ತು.

ಮನೆಯಲ್ಲಿ ಅದು ಬರೀ ‘ಆಮೇಲೆ’ ಆಗಿತ್ತು. ಮಗಳಿಗೆ ಹನ್ನೆರಡಾಗಿದ್ದಾಗ ತಾಯಿ ತೀರಿಕೊಂಡಳು. ಆ ವರ್ಷವೇ ಎರಡು ಕೋಣೆಯ ಆ ಮನೆಗೆ ಹಳೆಯದೊಂದು ಕಂಪ್ಯೂಟರು ಬಂತು. ಸಂಜೆ ಅವರು ಗೋಡೆಯ ಕಡೆ ಮುಖ ಮಾಡಿ ಅದರ ಮುಂದೆ ಕೂತರೆ, ಮಗಳ ಪಾಲಿಗೆ ಬೆನ್ನು ಉಳಿಯುತ್ತಿತ್ತು. “ಅಪ್ಪಾ, ಅಂಕ ಬಂತು.” “ಹೂಂ. ಆಮೇಲೆ ನೋಡ್ತೀನಿ.” “ಅಪ್ಪಾ, ನಾಳೆ ಶಾಲೆಗೆ ಬರಬೇಕಂತೆ.” “ಆಮೇಲೆ.”

ಹದಿನೈದನೆಯ ವಯಸ್ಸಿನಲ್ಲಿ ಒಂದು ಸಂಜೆ, ಅವರು ನೀರು ಕುಡಿಯಲು ಎದ್ದಾಗ ಅವಳು ತೆರೆಯ ಮೇಲೆ ಇಣುಕಿದಳು. ಚಿತ್ರಗಳಿರಲಿಲ್ಲ. ಬರೀ ಅಕ್ಷರ. ಬೇರೆ ಬೇರೆ ಮನೆಗಳಲ್ಲಿ ಕೂತ ಜನ ಒಂದೊಂದು ಪಾತ್ರ ತೊಟ್ಟು, ಆ ಪಾತ್ರ ಏನು ಮಾಡಿತು, ಏನು ಹೇಳಿತು ಎಂಬುದನ್ನು ಬರೆಯುತ್ತಿದ್ದರು; ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಬರೆಯುತ್ತಿದ್ದರು; ಹಾಗೆ ಬರೆಯುತ್ತ ಬರೆಯುತ್ತ ಒಂದು ಕೋಟೆ ಎದ್ದು ನಿಂತಿತ್ತು. ಕೋಟೆಯ ಬಾಗಿಲಿಗೆ ಆಗತಾನೆ ಬಂದ ಯಾರೋ ಅಪರಿಚಿತರಿಗೆ ತಂದೆ ಬರೆದಿದ್ದರು: “ಬನ್ನಿ. ದೂರದಿಂದ ಬಂದಿದ್ದೀರಿ. ಕೈಕಾಲು ತೊಳೆದುಕೊಳ್ಳಿ. ಒಲೆಯ ಪಕ್ಕ ಜಾಗವಿದೆ. ನಿಮ್ಮ ಕತೆ ಎಷ್ಟು ಉದ್ದವಾದರೂ ಇರಲಿ, ಕೇಳುವವರಿದ್ದಾರೆ.”

ಒಂದೇ ಉಸಿರಿಗೆ ಅಷ್ಟು ಮಾತನ್ನು ಅವರು ಅವಳಿಗೆ ಎಂದೂ ಆಡಿದ್ದಿಲ್ಲ. ಅವಳು ಆ ಸಾಲುಗಳನ್ನು ಓದಿದ್ದು ಒಂದೇ ಸಲ. ಮರೆಯಲು ಇಪ್ಪತ್ತು ವರ್ಷ ಸಾಲಲಿಲ್ಲ.

*

“ನಿಮ್ಮ ತಂದೆ ನಮಗೆಲ್ಲ ಯಜಮಾನರು,” ಎಂದ ಚಾಲಕ, ಮಗಳ ಎದುರು ಕುರ್ಚಿ ಎಳೆದುಕೊಂಡು. “ಕೋಟೆ ಯಜಮಾನ ಅಂದ್ರೆ ಆಟದಲ್ಲಿ ಅದೇ ದೊಡ್ಡ ಸ್ಥಾನ. ಒಂಬತ್ತು ವರ್ಷದಿಂದ ಅವರೇ. ನಾನು ಬಸ್ ನಿಲ್ಲಿಸಿ, ಊಟದ ಹೊತ್ತಲ್ಲಿ ಸ್ಟೇರಿಂಗ್ ಮೇಲೆ ಫೋನ್ ಇಟ್ಕೊಂಡು ಕುಲುಮೆ ಊದ್ತಿದ್ದೆ. ಬೇರೆಯವ್ರು ನಗ್ತಿದ್ರು. ಅವರು ಮಾತ್ರ, ಕತ್ತಿಗೆ ನೀರು ಕುಡಿಸೋದು ಹೇಗೆ ಅಂತ ಓದ್ಕೊಂಡು ಬನ್ನಿ, ಆಮೇಲೆ ಬರೀರಿ ಅಂದ್ರು. ಓದಿದೆ. ನಾನು ಜೀವನದಲ್ಲಿ ಪೂರ್ತಿ ಓದಿದ ಪುಸ್ತಕ ಅದೊಂದೇ.”

“ಈಗ ಎಷ್ಟು ಜನ ಇದೀರಿ?” ಅತ್ತೆ ಕೇಳಿದಳು.

“ಒಂದು ಕಾಲಕ್ಕೆ ಮುನ್ನೂರ ಹನ್ನೆರಡು. ಈಗ ಇಪ್ಪತ್ತಾರು,” ಎಂದಳು ಗಣಿತದವಳು.

“ಅದರಲ್ಲೂ ಬರೆಯೋರು ಒಂಬತ್ತು ಜನ,” ಎಂದ ದಳಪತಿ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. “ಉಳಿದವರು ಬಂದು ಸೂಚನಾಫಲಕದ ಮುಂದೆ ಜಗಳ ಆಡಿ ಹೋಗ್ತಾರೆ.”

“ಆ ಜಗಳ ಶುರು ಮಾಡಿದ್ದು ಯಾರು?”

“ಇಲ್ಲಿ ಬೇಡ, ಮದ್ದಿನವರೇ.”

“ಮತ್ತೆಲ್ಲಿ? ಅಲ್ಲಿ ಬರೆದ್ರೆ ನೀವು ಓದಲ್ಲ, ಇಲ್ಲಿ ಆಡಿದ್ರೆ ಬೇಡ ಅಂತೀರಿ. ಬಾಗಿಲ ನಿಯಮ ತೆಗೀಬೇಕು, ಬಂದವರನ್ನೆಲ್ಲ ಕೇಳದೆ ಒಳಗೆ ಬಿಡಬೇಕು, ಚಿತ್ರ ಹಾಕಬೇಕು, ಫೋನಲ್ಲಿ ಹೆಬ್ಬೆರಳು ಒತ್ತಿದ್ರೆ ಯುದ್ಧ ಆಗಬೇಕು ಅಂತ ನಿಮ್ಮ ಹಠ. ಅದು ಕೋಟೆ ಅಲ್ಲ, ಸಂತೆ.”

“ಸಂತೇಲಿ ಜನ ಆದ್ರೂ ಇರ್ತಾರೆ,” ಎಂದ ಚಾಲಕ, ನೆಲ ನೋಡುತ್ತ.

“ನೀವು ಆ ಕಡೆ ಅಂತ ನನಗೆ ಗೊತ್ತಿತ್ತು.”

“ನಾನು ಯಾವ ಕಡೇನೂ ಇಲ್ಲ, ಅಜ್ಜಿ. ಒಂದು ವರ್ಷದಿಂದ ಕುಲುಮೇಲಿ ಒಬ್ಬನೇ ಕೂತಿದೀನಿ. ಒಬ್ಬ ಹೊಸಬ ಬಂದಿಲ್ಲ, ಒಂದು ಕುದುರೆ ಲಾಳ ಕೇಳೋರಿಲ್ಲ. ಯಾಕೆ ಬರ್ತಿಲ್ಲ ಅಂತ ಕೇಳಿದ್ರೆ ತಪ್ಪಾ?”

“ಯಾಕೆ ಅಂತ ನಾನು ಹೇಳ್ತೀನಿ,” ದಳಪತಿಯ ಧ್ವನಿ ಏರಿತು. ಗೋಡೆಯಾಚೆ ಒಲೆಯ ಗುಂಯ್‌ಗುಡುವಿಕೆ ನೆನಪಾಗಿ ಮತ್ತೆ ಇಳಿಸಿದ. “ಎಲ್ಲಾದಕ್ಕೂ ಒಬ್ಬರನ್ನೇ ಕಾಯಬೇಕು. ಹೊಸಬರು ಬಂದ್ರೆ ಯಜಮಾನರೇ ಬಾಗಿಲು ತೆಗೀಬೇಕು. ಏನು ಕೇಳಿದ್ರೂ ನೋಡೋಣ, ಆಮೇಲೆ. ಎರಡೂ ಕಡೆ ಕೇಳಿ ಕೊನೆಗೆ ಮಾತಾಡ್ತಾರಂತೆ. ಇವರು ಮಾತಾಡೋ ಹೊತ್ತಿಗೆ ಕೇಳೋಕೆ ಜನ ಇರಬೇಕಲ್ಲ?”

“ಇಲ್ಲದ ಕೋಟೆಗೆ ಎಷ್ಟೊಂದು ಜಗಳ,” ಎಂದಳು ಅತ್ತೆ. “ನಮ್ಮಪ್ಪನ ಮನೆ ಪಾಲಾದಾಗಲೂ ಇಷ್ಟು ಮಾತು ಆಗಿರಲಿಲ್ಲ.”

ದಳಪತಿ ಗಡಿಯಾರ ನೋಡಿದ. ಆಗ ಎರಡು ಮುಕ್ಕಾಲು. ಮಗಳು ಅದನ್ನು ಗಮನಿಸಿದಳು. ಬಂದಾಗಿನಿಂದ ಮೂವರೂ ಸರದಿಯಂತೆ ಅದೇ ಗಡಿಯಾರ ನೋಡುತ್ತಿದ್ದರು.

“ಯಾವುದಕ್ಕೆ ಹೊತ್ತು ನೋಡ್ತಿದೀರಿ?” ಎಂದು ಕೇಳಿದಳು.

ಉತ್ತರ ಕೊಡುವ ಕೆಲಸ ಗಣಿತದವಳ ಪಾಲಿಗೆ ಬಂತು. ಕೋಟೆಯಲ್ಲಿ ಒಂದು ನಿಯಮವಿದೆ. ಯಾರು ಬೇಕಾದರೂ ಯಜಮಾನರಿಗೆ ಸವಾಲು ಹಾಕಬಹುದು. ಯಜಮಾನರು ಏಳು ದಿನದೊಳಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಸ್ಥಾನ ಸವಾಲು ಹಾಕಿದವರಿಗೆ ಹೋಗುತ್ತದೆ. ಯಾರೂ ಏನೂ ಮಾಡಬೇಕಿಲ್ಲ, ಯಂತ್ರವೇ ಬದಲಾಯಿಸುತ್ತದೆ. “ಹಿಂದಿನ ಯಜಮಾನ ಹೇಳದೆ ಕೇಳದೆ ನಾಪತ್ತೆಯಾಗಿದ್ದ. ಆಮೇಲೆ ಈ ನಿಯಮ ಬರೆದಿದ್ದು ನಿಮ್ಮ ತಂದೆಯವರೇ.”

“ಸವಾಲು ಹಾಕಿದ್ದು ಯಾರು?”

ದಳಪತಿ ತನ್ನ ಅಂಗೈಯನ್ನು ನೋಡಿಕೊಂಡ. “ನಾನು. ಹೋದ ಗುರುವಾರ, ನಾಲ್ಕು ಗಂಟೆಗೆ. ಇವತ್ತು ನಾಲ್ಕಕ್ಕೆ ಗಡುವು. ಅವರು ಆಸ್ಪತ್ರೇಲಿದಾರೆ ಅಂತ ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.”

“ಒಂದು ವಾರ ಒಂದು ಮಾತಿಲ್ಲದೆ ಇದ್ರಲ್ಲ. ಏನಾಯ್ತು ಅಂತ ಯಾರೂ ಕೇಳಲಿಲ್ವಾ?”

“ಅವರು ಯಾವತ್ತೂ ಕೊನೆಗೇ ಅಲ್ವಾ ಮಾತಾಡೋದು,” ಎಂದ ಚಾಲಕ ಮೆಲ್ಲಗೆ. “ತೂಗಿ ನೋಡ್ತಿದಾರೆ ಅಂದ್ಕೊಂಡ್ವಿ.”

ಮಗಳು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಮುಚ್ಚಳ ತೆರೆದಳು. ಇಂಟರ್ನೆಟ್ಟಿಗೆ ಚಾಲಕ ತನ್ನ ಫೋನು ಕೊಟ್ಟ. ತಂದೆಯ ಯಂತ್ರ ಗುಪ್ತಪದ ಕೇಳಲಿಲ್ಲ; ಹತ್ತು ದಿನದಿಂದ ಯಾರಾದರೂ ತೆರೆಯಲೆಂದೇ ಕಾದಿದ್ದಂತೆ ನೇರ ಕೋಟೆಯೊಳಗೆ ಕರೆದೊಯ್ದು ಬಿಟ್ಟಿತು. ಮೇಲ್ತುದಿಯಲ್ಲಿ ಸೂಚನಾಫಲಕ.

ಅವಳು ಗಟ್ಟಿಯಾಗಿ ಓದಿದಳು. ಅಂಗಡಿಯಲ್ಲಿ ಪರೀಕ್ಷೆಯ ಹಲಗೆ ತೋರಿಸುತ್ತ ಅಕ್ಷರ ಹೇಳುವಾಗ ಬರುವ ಧ್ವನಿ, ಏರಿಲ್ಲ, ಇಳಿತವಿಲ್ಲ.

“‘ಯಜಮಾನರು ಮಲಗಿದ್ದಾರೆ. ಕೋಟೆಯೂ ಅವರೊಡನೆ ಮಲಗಿದೆ. ಏಳು ದಿನದಲ್ಲಿ ಎದ್ದು ಉತ್ತರಿಸಲಿ, ಇಲ್ಲವೇ ಸ್ಥಾನ ಬಿಡಲಿ.’ ಇದು ದಳಪತಿ. ‘ಗೊರಕೆ ಕುಲುಮೆಯವರೆಗೂ ಕೇಳಿಸುತ್ತಿದೆ, ನನ್ನ ತಿದಿಗಿಂತ ಜೋರು.’ ಇದು ಕಮ್ಮಾರ.”

ಚಾಲಕ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ.

“‘ಎಬ್ಬಿಸಬೇಡಿ. ಆ ವಯಸ್ಸಿನವರಿಗೆ ನಿದ್ದೆಗೆಟ್ಟರೆ ಇಡೀ ದಿನ ಸಿಡಿಮಿಡಿ. ಯಾವ ಮದ್ದೂ ನಾಟುವುದಿಲ್ಲ.’ ಇದು...”

“ನಾನು,” ಎಂದಳು ಗಣಿತದವಳು. “ನಾನು ಅವರ ಪರವಾಗಿಯೇ ಇದ್ದೆ. ಅದು ತಮಾಷೆಗೆ.”

ಒಟ್ಟು ನಲವತ್ತೊಂದು ಮಾತುಗಳಿದ್ದವು. ಎಲ್ಲವನ್ನೂ ಓದಿದಳು. ಯಾರೂ ತಡೆಯಲಿಲ್ಲ. ನಗಿಸಲೆಂದು ಬರೆದವೇ ಅವುಗಳಲ್ಲಿ ಹೆಚ್ಚು. ಆ ಕೋಣೆಯಲ್ಲಿ ಅವುಗಳಿಗೆ ನಗು ಎಲ್ಲಿಂದ ಬರಬೇಕಿತ್ತು ಎಂಬುದೇ ತಿಳಿಯದಂತಾಗಿತ್ತು.

“ಒಂದೇ ಒಂದು ಹೇಳಿ,” ಎಂದಳು ಕೊನೆಗೆ. “ಆಸ್ಪತ್ರೇಲಿ ಈ ಯಂತ್ರ ಇರಲಿಲ್ಲ. ಅಪ್ಪ ಇದನ್ನೆಲ್ಲ ಓದಿದ್ರಾ?”

*

ಆಸ್ಪತ್ರೆಯ ಮೂರನೆಯ ಹಾಸಿಗೆ, ಕಿಟಕಿಯ ಪಕ್ಕ. ಮೊದಲ ಸಲ ಕೇಳಿದಾಗ ಅವರ ಎಡಗೈಗೆ ಸೂಜಿ ಚುಚ್ಚಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

“ಆ ಯಂತ್ರ ಒಂದು ತಂದುಕೊಡ್ತೀಯಾ? ಬೆಳಿಗ್ಗೆ ಹತ್ತು ನಿಮಿಷ ಸಾಕು.”

“ಡಾಕ್ಟರು ಕಣ್ಣಿಗೆ ವಿಶ್ರಾಂತಿ ಬೇಕು ಅಂದಿದಾರಪ್ಪ.”

ಡಾಕ್ಟರು ಕಣ್ಣಿನ ಮಾತೇ ಎತ್ತಿರಲಿಲ್ಲ. ಎದೆಯ ಕಾಯಿಲೆಗೆ ಬಂದವರ ಕಣ್ಣಿನ ಗೊಡವೆ ಅವರಿಗೇಕೆ? ಆದರೆ ಕಣ್ಣಿನ ವಿಷಯದಲ್ಲಿ ಮಗಳ ಮಾತನ್ನು ತಂದೆ ಎದುರಾಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಎರಡನೆಯ ಸಲ ಕೇಳಿದ್ದು ಶುಕ್ರವಾರ. “ಬಾಗಿಲು ತೆಗೀಬೇಕು. ಐದು ಗಂಟೆಗೆ ತೆಗೀತಿದ್ದೆ.”

“ಯಾವ ಬಾಗಿಲು?”

ಅವರು ವಿವರಿಸಲು ಹೊರಟು, ಅವಳ ಮುಖ ನೋಡಿ, ಬಿಟ್ಟುಬಿಟ್ಟರು. ಆಗ ಅವಳೇ ಹೇಳಿದಳು, “ಅಲ್ಲಿರೋರಲ್ಲಿ ಒಬ್ಬರಾದ್ರೂ ಬಂದು ನಿಮಗೆ ಒಂದು ಲೋಟ ನೀರು ಕೊಡ್ತಾರಾ ಅಪ್ಪಾ? ಒಬ್ಬರು? ಎಷ್ಟು ವರ್ಷ ಅವರ ಬಾಗಿಲು ಕಾದ್ರಿ.”

ಮೂರನೆಯ ಸಲ ಅವರು ಬಾಯಿ ಬಿಟ್ಟು ಕೇಳಲಿಲ್ಲ. ಶನಿವಾರ ಸಂಜೆ, ಅವಳು ಹೊರಡುವ ಹೊತ್ತಿಗೆ, ಹೊದಿಕೆಯ ಮೇಲೆ ಎರಡು ಬೆರಳಿನಿಂದ ಅಕ್ಷರ ಒತ್ತುವಂತೆ ಒತ್ತಿ ಅವಳ ಕಡೆ ನೋಡಿದರು. ಅವಳಿಗೆ ಅರ್ಥವಾಯಿತು.

“ಆಮೇಲೆ ತರ್ತೀನಿ,” ಎಂದಳು.

ತಾನು ಏನೆಂದೆನೆಂದು ಹೊಳೆದದ್ದು ಲಿಫ್ಟಿನೊಳಗೆ. ಆ ಕ್ಷಣ ಅವಳಿಗೆ ಪಶ್ಚಾತ್ತಾಪವಾಗಲಿಲ್ಲ. ಬಹುದಿನದ ಬಾಕಿಯೊಂದು ತೀರಿದಂತೆ ಹಗುರವಾಯಿತು. ಅದನ್ನೇ ಈಗ ಅವಳಿಂದ ಕ್ಷಮಿಸಿಕೊಳ್ಳಲು ಆಗುತ್ತಿರಲಿಲ್ಲ.

*

“ಓದಿರಲಿಕ್ಕಿಲ್ಲ,” ಎಂದ ಚಾಲಕ. “ಆಸ್ಪತ್ರೇಲಿ ಯಂತ್ರ ಇರಲಿಲ್ಲ ಅಂದ್ರಲ್ಲ. ಅವರ ಫೋನು ಹಳೇದು, ಅದರಲ್ಲಿ ಕೋಟೆ ತೆರೆಯಲ್ಲ. ಓದಿರಲ್ಲ ಬಿಡಮ್ಮ.”

ಅವಳಿಗೂ ಅದೇ ಬೇಕಾಗಿತ್ತು. ಓದಿರದಿದ್ದರೆ, ತಾನು ಹೇಳಿದ ಸುಳ್ಳಿಗೊಂದು ಅರ್ಥ ಬರುತ್ತದೆ. ಗೊತ್ತಿಲ್ಲದೆಯೇ ತಾನು ಈ ನಲವತ್ತೊಂದು ಮಾತುಗಳನ್ನು ಅವರ ಹಾಸಿಗೆಯ ಬಳಿ ಬಿಡದೆ ತಡೆದಂತಾಗುತ್ತದೆ.

ಆದರೆ ಗಣಿತದವಳು ಆಗಲೇ ಲ್ಯಾಪ್‌ಟಾಪಿನ ಕಡೆ ಬಗ್ಗಿದ್ದಳು. “ಹೆಸರಿನ ಮೇಲೆ ಒತ್ತಿದ್ರೆ, ಇವತ್ತಿಗೆ ಮುಂಚೆ ಕೊನೇ ಸಲ ಯಾವಾಗ ಬಂದಿದ್ರು ಅಂತ ತೋರಿಸುತ್ತೆ,” ಎಂದು ಒತ್ತಿ, ಒತ್ತಿದ್ದಕ್ಕೆ ಕೂಡಲೇ ಪಶ್ಚಾತ್ತಾಪಪಟ್ಟಳು.

ಭಾನುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಒಳಗಿದ್ದ ಹೊತ್ತು: ನಲವತ್ತು ನಿಮಿಷ. ಅಷ್ಟರೊಳಗೆ ಬಂದಿದ್ದ ಮೂವತ್ತು ಮಾತುಗಳಲ್ಲಿ ಪ್ರತಿಯೊಂದರ ಕೆಳಗೂ, ಓದಿದವರ ಸಾಲಿನಲ್ಲಿ, ‘ಯಜಮಾನ, ಭಾನುವಾರ’ ಎಂದಿತ್ತು.

ಅತ್ತೆ ಬಗ್ಗಿ ಆ ಹೆಸರನ್ನು ನೋಡಿದಳು.

ದಳಪತಿ ಎದ್ದು ಕಿಟಕಿಯವರೆಗೆ ಹೋದ, ಬಂದ. “ಇನ್ನೂ ಇಪ್ಪತ್ತೈದು ನಿಮಿಷ ಇದೆ. ಮೇಡಂ, ಕೇಳಿ. ನೀವು ಅವರ ಹೆಸರಲ್ಲೇ ಒಳಗೆ ಇದೀರಿ. ಒಂದೇ ಒಂದು ಪದ ಬರೀರಿ. ಇಲ್ಲ ಅಂತ ಬರೀರಿ ಸಾಕು. ಸವಾಲು ಬಿದ್ದುಹೋಗುತ್ತೆ. ಅವರು ಯಜಮಾನರಾಗೇ ಇರ್ತಾರೆ.”

“ನೀವೇ ಸವಾಲು ವಾಪಸ್ ತಗೊಳ್ಳಿ,” ಎಂದ ಚಾಲಕ.

“ಹಾಕಿದ್ದನ್ನ ವಾಪಸ್ ತಗೊಳ್ಳೋಕೆ ಬರಲ್ಲ. ಅದೂ ಅವರದೇ ನಿಯಮ.”

“ಇವರು ಬರೆಯೋದೂ ನಿಯಮಕ್ಕೆ ವಿರುದ್ಧ,” ಎಂದಳು ಗಣಿತದವಳು. “ಒಬ್ಬರ ಪಾತ್ರದ ಬಾಯಲ್ಲಿ ಇನ್ನೊಬ್ಬರು ಮಾತಾಡೋ ಹಾಗಿಲ್ಲ. ಮೊದಲನೇ ನಿಯಮವೇ ಅದು. ಇವತ್ತು ಕರುಣೆ ಅಂತ ಬಿಟ್ಟರೆ ನಾಳೆ...”

“ನಾಳೆ ಯಾರಿರ್ತಾರೆ ಅಜ್ಜಿ? ಒಂಬತ್ತು ಜನ.”

“ಒಂಬತ್ತೇ ಇರಲಿ, ನಿಯಮ ನಿಯಮ.”

“ಸತ್ತವರನ್ನ ಸೋಲಿಸಿದೋನು ಅಂತ ನಾನು ಆ ಜಾಗದಲ್ಲಿ ಹೇಗೆ ಕೂರ್ಲಿ?” ದಳಪತಿಯ ಕಣ್ಣು ತುಂಬಿತ್ತು. ಆದರೆ ಅವನು ಕೇಳಿದ್ದು ತಾನು ಹೇಗೆ ಕೂರಲಿ ಎಂದು.

ಮಗಳಿಗೆ ಅವರ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು. ಅವಳು ಆ ನಲವತ್ತು ನಿಮಿಷವನ್ನೇ ನೋಡುತ್ತಿದ್ದಳು. ಮೂವತ್ತು ಸಾಲು ಓದಲು ಐದು ನಿಮಿಷ ಸಾಕು, ಅವರ ಕಣ್ಣಿಗೆ ಹತ್ತು. “ಉಳಿದ ಅರ್ಧ ಗಂಟೆ ಏನು ಮಾಡಿದ್ರು?” ಎಂದಳು. “ಉತ್ತರ ಬರೀಲಿಲ್ಲ. ಮತ್ತೇನು ಮಾಡಿದ್ರು?”

ಚಾಲಕ ತಲೆ ಎತ್ತಿದ. “ಬಾಗಿಲ ಪುಸ್ತಕ ನೋಡಿ. ಹೊರಗೆ ಬಂದು ನಿಂತೋರು ಅದರಲ್ಲಿ ಬರೆದು ಕಾಯ್ತಾರೆ. ಅವರು ದಿನಾ ಮೊದಲು ಹೋಗ್ತಿದ್ದುದು ಅಲ್ಲಿಗೇ.”

“ನೀವು ಯಾರೂ ನೋಡಲ್ವಾ?”

“ಬಾಗಿಲ ಕೀಲಿ ಏಳು ಜನರ ಹತ್ರ ಇದೆ,” ಎಂದಳು ಗಣಿತದವಳು ತಡೆದು ತಡೆದು. “ನಮ್ಮ ಮೂವರ ಹತ್ರಾನೂ ಇದೆ. ಆದ್ರೆ ಅದು ಅವರ ಕೆಲಸ ಅಂತ...”

ಪುಟ ತೆರೆದುಕೊಂಡಿತು.

ಮೇಲೆ, ಒಂಬತ್ತು ದಿನದ ಹಿಂದಿನ ಬರಹ: “ಬಹಳ ದೂರದಿಂದ ಬಂದಿದ್ದೇನೆ. ಮಗ್ಗದ ಕೆಲಸ ಗೊತ್ತು. ಹೆಗಲಿಗೆ ಒಂದು ಗಂಟು, ಅದರಲ್ಲಿ ಬಣ್ಣದ ನೂಲು. ಒಳಗೆ ಬರಬಹುದೇ?” ಮರುದಿನ: “ಇಂದೂ ಬಂದೆ. ಬಾಗಿಲು ಹಾಕಿದೆ. ಕೆಳಗೆ ಕೂತು ಗಂಟು ಬಿಚ್ಚಿ ನೂಲು ಒಣಗಿಸುತ್ತಿದ್ದೇನೆ.” ಅದರ ಮರುದಿನ: “ಇಂದೂ ಬಂದೆ.” ಮತ್ತೆ: “ಇಂದೂ ಬಂದೆ.”

ಭಾನುವಾರ ಬೆಳಿಗ್ಗೆ ಐದೂ ಮೂವತ್ತೊಂದಕ್ಕೆ, ಅದರ ಕೆಳಗೆ, ಒಳಗಿನವರಿಗೆ ಮಾತ್ರ ಕಾಣುವ ನೀಲಿ ಅಕ್ಷರದಲ್ಲಿ:

“ಹೊರಗೆ ಒಬ್ಬರು ನಿಂತಿದ್ದಾರೆ. ನೇಕಾರರು. ಚೆನ್ನಾಗಿ ಬರೆಯುತ್ತಾರೆ. ಇದು ನರ್ಸಮ್ಮನ ಫೋನು, ಇದರಲ್ಲಿ ಬಾಗಿಲು ತೆಗೆಯಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ. ಕೀಲಿ ಇರುವವರು ಯಾರಾದರೂ ತೆಗೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.”

ಅದರ ಕೆಳಗೆ, ಓದಿದವರ ಸಾಲು ಖಾಲಿ ಇತ್ತು.

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಬಾಗಿಲು ತೆಗೆಯೋದು ಹೇಗೆ?” ಎಂದಳು ಮಗಳು.

“ಬಾಗಿಲು ತೆಗೆ ಅಂತ ಬರೀರಿ. ಅಷ್ಟೇ,” ಎಂದ ಚಾಲಕ. “ಆಮೇಲೆ ಏನಾದ್ರೂ ಮಾತಾಡಿ ಬರಮಾಡ್ಕೋಬೇಕು. ಅವರು ಹಾಗೆ ಮಾಡ್ತಿದ್ರು.”

ಗಣಿತದವಳು ನಿಯಮದ ಮಾತು ಎತ್ತಲಿಲ್ಲ.

ಮಗಳು ಬರೆದಳು. ‘ಬಾಗಿಲು ತೆರೆಯಿತು’ ಎಂದಿತು ತೆರೆ. ಅವಳು ಒಂದು ಕ್ಷಣ ಕೈ ತಡೆದಳು. ಆಮೇಲೆ, ತಂದೆಯಂತೆಯೇ ಎರಡೇ ಬೆರಳಿನಿಂದ, ಎಲ್ಲಿಯೂ ನೋಡಿಕೊಳ್ಳದೆ, ಒತ್ತುತ್ತ ಹೋದಳು.

“ಬನ್ನಿ. ದೂರದಿಂದ ಬಂದಿದ್ದೀರಿ. ಕೈಕಾಲು ತೊಳೆದುಕೊಳ್ಳಿ. ಒಲೆಯ ಪಕ್ಕ ಜಾಗವಿದೆ. ನಿಮ್ಮ ಕತೆ ಎಷ್ಟು ಉದ್ದವಾದರೂ ಇರಲಿ, ಕೇಳುವವರಿದ್ದಾರೆ.”

ಚಾಲಕ ಮುಖ ತಿರುಗಿಸಿಕೊಂಡ. ಹನ್ನೊಂದು ವರ್ಷದ ಹಿಂದೆ ಅವನಿಗೂ ಹೆಚ್ಚು ಕಡಿಮೆ ಇದೇ ಮಾತು ಸಿಕ್ಕಿತ್ತು.

ತೆರೆ ಉತ್ತರ ಕೊಟ್ಟಿತು: ‘ಹೊರಗೆ ಯಾರೂ ಇಲ್ಲ. ನಿಮ್ಮ ಮಾತು ಯಾರಿಗೂ ಕೇಳಿಸಲಿಲ್ಲ.’

ಅವಳು ಪುಟವನ್ನು ಇನ್ನೂ ಕೆಳಗೆ ಸರಿಸಿದಳು. ನೇಕಾರರ ಕೊನೆಯ ಬರಹ ಈ ದಿನದ್ದೇ, ಎರಡು ಗಂಟೆ ಐವತ್ತು ನಿಮಿಷದ್ದು. “ಒಳಗೆ ಮಾತಿನ ಸದ್ದು ಕೇಳುತ್ತದೆ, ದೀಪವೂ ಕಾಣುತ್ತದೆ. ಬಾಗಿಲು ಕಾಯುವವರು ಮಾತ್ರ ಇಲ್ಲವೆಂದು ತೋರುತ್ತದೆ. ನೂಲು ಒಣಗಿತು. ಹೊರಡುತ್ತೇನೆ.”

ನಡುವಿನ ಬಾಗಿಲು ತೆರೆದು ಚಿತಾಗಾರದ ನೌಕರ ಬಂದ. ಕೈಯಲ್ಲಿ ಮುಚ್ಚಳವಿದ್ದ ಒಂದು ಬೂದು ಬಣ್ಣದ ಡಬ್ಬಿ, ಅದರ ಕೆಳಗೆ ಮಡಿಸಿದ ಬಟ್ಟೆ. “ಯಾರು ತಗೊಳ್ತೀರಿ? ಎರಡೂ ಕೈ ಹಿಡೀರಿ, ಬಿಸಿ ಇದೆ.”

ಮಗಳು ಲ್ಯಾಪ್‌ಟಾಪನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಎದ್ದಳು. ಡಬ್ಬಿ ಅವಳು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಬಟ್ಟೆಯ ಮೂಲಕ ಬಂದ ಬಿಸಿ, ಮಧ್ಯಾಹ್ನ ಅದೇ ಅಂಗೈಗೆ ಇಳಿದಿದ್ದ ಥಂಡಿಯನ್ನು ಹುಡುಕಿಕೊಂಡು ಬಂದಂತಿತ್ತು. ಅತ್ತೆ ಅವಳ ಮೊಣಕೈ ಹಿಡಿದಳು. “ನಡಿ ಕಣೇ,” ಎಂದಳು. ಇಬ್ಬರೂ ಹೊರಟರು.

ಹಿಂದೆ ಮೂವರು ಕುರ್ಚಿಯ ಸುತ್ತ ನಿಂತೇ ಇದ್ದರು. ಗೋಡೆಯ ಗಡಿಯಾರದ ಮುಳ್ಳು ಸರಿಯಿತು. ತೆರೆಯ ಮೇಲ್ತುದಿಯಲ್ಲಿ ಒಂದು ಸಾಲು ಮೂಡಿತು: ‘ಗಡುವು ಮುಗಿಯಿತು. ದಳಪತಿ ಇಂದಿನಿಂದ ಕೋಟೆಯ ಯಜಮಾನ.’ ಅದರ ಕೆಳಗೆ: ‘ಈಗ ಒಳಗಿರುವವರು: ಒಬ್ಬರು.’

ಅದರ ಕೆಳಗೆ ಬಾಗಿಲು ಹಾಗೆಯೇ ತೆರೆದಿತ್ತು. ಮುಚ್ಚಲು ಕೀಲಿಯಿದ್ದ ಮೂವರಲ್ಲಿ ಯಾರೂ ಕೈ ಚಾಚಲಿಲ್ಲ.